ಹೆಡ್‌ಲೈಟ್ ಬಳೆಗೆ ಕಲಾಯಿಯೋ, ಕ್ರೋಮೋ

ಅತ್ತೆ,

ಶ್ರೀನಿವಾಸಪುರದಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಹಾಗಿಲ್ಲ, ನೀವು ಹೋಗಿ ನಾಲ್ಕು ವರ್ಷವಾಯಿತು. ಆದರೂ ನಿಮ್ಮ ಜೊತೆ ಜಗಳ ಆಡಲೇಬೇಕು ಅನ್ನಿಸಿದರೆ ನಾನು ಎಲ್ಲಿಗೆ ಹೋಗಲಿ? ನಿಮ್ಮ ಮೇಲೆ ನನಗೆ ಭಯಂಕರ ಕೋಪ ಬಂದಿದೆ. ಕೋಪ ಬಂದಾಗಿನಿಂದ ನಗುವೂ ತಡೆಯಲಾಗುತ್ತಿಲ್ಲ, ಅದು ಬೇರೆ. ಅದಕ್ಕೇ ಈ ಕಾಗದ.

ಮೊದಲು ಸುದ್ದಿ ಕೇಳಿ. ನಿಮ್ಮ ಪದ್ಮಿನಿಯನ್ನು ಬಿಚ್ಚಿದೆವು. ದಿನಾ ರಾಯಲ್ಪಾಡಿನ ಸ್ಕೂಲಿಗೆ ಓಡಿಸಿಕೊಂಡು ಹೋಗಿ 'ಕಾರು ಟೀಚರಮ್ಮ' ಅನ್ನಿಸಿಕೊಂಡಿರಲ್ಲ, ಅದೇ ಕ್ರೀಮ್ ಬಣ್ಣದ ಕಾರು. ನೀವು ಹೋದಮೇಲೆ ಅದು ಶೆಡ್ಡಿನಲ್ಲಿ ನಿಂತೇ ಇತ್ತು. ಒಂದು ಬೆಳಿಗ್ಗೆ ನಿಮ್ಮ ಮಗ ಕಾಫಿ ಲೋಟ ಹಿಡಿದುಕೊಂಡೇ ಶೆಡ್ಡಿಗೆ ಹೋದವರು ಮಧ್ಯಾಹ್ನ ಊಟಕ್ಕೆ ಕರೆದರೂ ಬರಲಿಲ್ಲ. ಹೋಗಿ ನೋಡಿದರೆ ಬಂಪರ್ ನೆಲದ ಮೇಲಿದೆ. ಇಂಜಿನ್ನು, ಬಣ್ಣ ತಾನು ನೋಡಿಕೊಳ್ಳುತ್ತೇನೆ ಎಂದರು. ನಟ್ಟು, ಬೋಲ್ಟು, ಹಿಡಿಕೆ, ಬಂಪರು, ಯಾವುದಕ್ಕೆ ಎಂಥ ಹೊಳಪು ಅನ್ನುವುದನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಪಾತ್ರೆಯ ಹೊಳಪು ಬಲ್ಲವಳು ನಾನಂತೆ.

ಮಾಲೂರಿನಲ್ಲಿ ಮಂಜುನಾಥ ಅಂತ ಒಬ್ಬರು ಪ್ಲೇಟಿಂಗ್ ಅಂಗಡಿ ಇಟ್ಟಿದ್ದಾರೆ. ನಾನು ಮೂಟೆ ಬಿಚ್ಚಿ, ಹೆಡ್‌ಲೈಟ್ ಬಳೆ ಎರಡು ಬಿಟ್ಟು ಮಿಕ್ಕೆಲ್ಲಕ್ಕೂ ಫಳಫಳ ಅನ್ನುವ ಕ್ರೋಮ್ ಹಾಕಿಬಿಡಿ ಎಂದೆ. ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಪೇಪರು ಹಾಸಿ, ಮೇಲೆ ನಾಲ್ಕು ಬೋಲ್ಟು ಇಟ್ಟು ಪಾಠ ಶುರುಮಾಡಿದರು. ನೀವು ಇದ್ದಿದ್ದರೆ ನೋಟ್ಸು ಬರೆದುಕೊಳ್ಳುತ್ತಿದ್ದಿರಿ. ಕ್ರೋಮ್‌ನ ಹೊಳಪಿನಲ್ಲಿ ತುಸು ನೀಲಿ ಇರುತ್ತದೆ, ನಿಕ್ಕಲ್‌ನಲ್ಲಿ ತುಸು ಹಳದಿ. ಬಂಪರಿಗೆ, ಚಕ್ರದ ಟೋಪಿಗೆ ಕ್ರೋಮೇ ಸರಿ. ಬಾನೆಟ್ಟಿನ ಒಳಗಿನ ನಟ್ಟುಗಳಿಗೆ ತುಕ್ಕು ಹಿಡಿಯದ ಹಾಗೆ ಹಳದಿ ಜಿಂಕ್. ಚಕ್ರದ ಭಾರ ಹೊರುವ ಗಟ್ಟಿ ಬೋಲ್ಟುಗಳಿಗೆ ಮಾತ್ರ ಹೊಳಪೇ ಬೇಡ, ಕಪ್ಪಗಿರಲಿ ಎಂದರು. ಅವನ್ನು ಆಸಿಡ್ಡಿನಲ್ಲಿ ಅದ್ದಿ ಹೊಳಪು ಹಾಕಿದರೆ ಉಕ್ಕು ಒಳಗೊಳಗೇ ಪೆಡಸಾಗಿ ಒಂದು ದಿನ ಪಟ್ಟಂತ ಮುರಿಯಬಹುದಂತೆ. ನನಗಂತೂ ಕೇಳಿದಷ್ಟೂ ಕೇಳಬೇಕು ಅನ್ನಿಸಿತು. ಆಮೇಲೆ ಅವರು ಹೆಡ್‌ಲೈಟಿನ ಸುತ್ತ ಕೂರುವ ಬಳೆ ಎರಡನ್ನೂ ಎತ್ತಿಕೊಂಡು, ಹೊರಳಿಸಿ ನೋಡಿ, ಕಾರಿಗೆ ಕಲಾಯಿ ಹಾಕಿಸಿದವರು ಯಾರು ಎಂದು ಕೇಳಿದರು. ನಮ್ಮತ್ತೆ ಎಂದೆ, ಗರ್ವದಿಂದಲೇ. ಆ ಎರಡನ್ನು ಮಾತ್ರ ಅಲ್ಲಿ ಬಿಡದೆ ಮನೆಗೆ ವಾಪಸ್ ತಂದೆ.

ನೆನಪಿದೆಯಾ ಅತ್ತೆ? ನಾನು ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ನಿಮ್ಮ ಮನೆಯಲ್ಲಿ ಎಲ್ಲರೂ ತೆಲುಗೂ ಕನ್ನಡವೂ ಕಲಸಿ ಗಲಗಲ ಮಾತಾಡುವವರು, ನಾನೊಬ್ಬಳು ಗೋಡೆಗೆ ಅಂಟಿಕೊಂಡವಳು. ಆ ದಿನ ನೀವು ಕಾರು ಒರೆಸುತ್ತಾ ಹೆಡ್‌ಲೈಟ್ ಬಳೆಯ ಕ್ರೋಮೆಲ್ಲ ಎದ್ದುಹೋಯಿತಲ್ಲ ಎಂದು ಪೇಚಾಡುತ್ತಿದ್ದಿರಿ. ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಎಲ್ಲಿತ್ತೋ ಧೈರ್ಯ, ನಮ್ಮ ಮುಳಬಾಗಿಲಿನ ಬಾಷಾ ಸಾಬರು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದರೆ ಬೆಳ್ಳಿ ಸೋಲಬೇಕು, ಇದಕ್ಕೂ ಹಾಕಿಸಬಹುದಲ್ಲ ಎಂದುಬಿಟ್ಟೆ. ಮಾವ ಕೆಮ್ಮಿದರು. ನೀವು ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದಿರಿ.

ಬಾಷಾ ಸಾಬರು ಬಂದು ನಮ್ಮ ಹಿತ್ತಲಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಬಳೆ ಕಾಯಿಸಿ, ನವಸಾಗರದ ಹೊಗೆಯಲ್ಲಿ ತವರ ಉಜ್ಜಿದರು. ಹುಮ್ಮಸ್ಸಿನಲ್ಲಿ ನಾನು ಹಿಂದಿನ ಬಾಗಿಲಿನ ಹಿಡಿಕೆಯನ್ನೂ ತಂದುಕೊಟ್ಟೆ. ಸಾಬರು ಬೇಡ ಅನ್ನುತ್ತಿದ್ದರೂ ನಾನೇ ಕೆಂಡದ ಮೇಲಿಟ್ಟೆ. ಅದು ಹಿತ್ತಾಳೆಯಲ್ಲ, ಯಾವುದೋ ಮೆತ್ತನೆಯ ಲೋಹ, ಬೆಲ್ಲದ ಹಾಗೆ ಕರಗಿ ಬಾಗಿಹೋಯಿತು. ಆ ಬಾಗಿಲು ತೆಗೆಯುವವರು ಯಾರಿದ್ದಾರೆ, ಬಿಡು ಎಂದಿರಿ ನೀವು. ಬಳೆಗಳನ್ನು ಕಾರಿಗೆ ಕೂರಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತು, "ಬಾಗುಂದಿ ಕಣೇ. ನಿನ್ ತಲೆನೇ ತಲೆ" ಎಂದಿರಿ. ನಾನು ಆವತ್ತು ಒಂದು ಗೇಣು ಎತ್ತರವಾದೆ. ಈ ಮನೆ ನನ್ನದು ಅನ್ನಿಸಿದ್ದು ಆವತ್ತೇ. ಆಮೇಲೆ ಪ್ರತಿವರ್ಷ ಯುಗಾದಿಗೆ ಮೊದಲು ನೀವೇ ಬಳೆ ಬಿಚ್ಚಿಕೊಂಡು ಮುಳಬಾಗಿಲಿಗೆ ಹೋಗಿ ಕಲಾಯಿ ಹಾಕಿಸಿಕೊಂಡು ಬರುತ್ತಿದ್ದಿರಿ.

ಅಂಥ ಬಳೆಗೆ ನಿಮ್ಮ ಮಗ ಈಗ ಕ್ರೋಮ್ ಹಾಕಿಸು ಎಂದರೆ ನನಗೆ ಹೇಗಾಗಬೇಡ? ಮೂರು ವಾರ ಜಗಳ. ನಿಮ್ಮಮ್ಮನ ಮನಸ್ಸು ನಿಮಗಿಂತ ನನಗೆ ಚೆನ್ನಾಗಿ ಗೊತ್ತು ಎಂದೆ. ಅವರು ಕ್ರೋಮೇ ಒಪ್ಪುತ್ತೆ ಅನ್ನುವರು, ಯಾಕೆ ಎಂದರೆ ಬಾನೆಟ್ಟಿನೊಳಗೆ ತಲೆ ತೂರಿಸುವರು. ಕಾರಿನಲ್ಲಿ ಬಾಕಿ ಎಲ್ಲವೂ ನಿಮ್ಮದು, ಆ ಎರಡು ಬಳೆಗಳಲ್ಲಿ ಮಾತ್ರ ನೀವೂ ನಾನೂ ಜೊತೆಗಿದ್ದೆವು. ಅದನ್ನೂ ಕೆರೆದು ಹಾಕಿದರೆ ನನಗೆ ಉಳಿಯುವುದೇನು… ಸೋಮವಾರ ನಮ್ಮ ಸಾಮಾನು ಕ್ರೋಮಿನ ತೊಟ್ಟಿಗೆ ಇಳಿಯುತ್ತದೆ, ಅಷ್ಟರೊಳಗೆ ಬಳೆಯ ವಿಷಯ ಹೇಳಿ ಎಂದು ಮಂಜುನಾಥ ಫೋನು ಮಾಡಿದರು. ನಾನು ಬಳೆಗಳನ್ನು ಬಟ್ಟೆ ಚೀಲದಲ್ಲಿ ಸುತ್ತಿಕೊಂಡು ಮುಳಬಾಗಿಲಿನ ಬಸ್ಸು ಹತ್ತಿದೆ.

ಬಾಷಾ ಸಾಬರಿಗೆ ಈಗ ಕಣ್ಣು ಮಂಜು. ಕಲಾಯಿ ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದಾರೆ. ಬಳೆ ಕೈಗೆ ಕೊಟ್ಟೊಡನೆ ಬೆರಳಲ್ಲೇ ಗುರುತು ಹಿಡಿದು ಟೀಚರಮ್ಮೋರ ಕಾರಿಂದಲ್ವಾ ಎಂದರು. ಹೌದು, ಕೊನೆಯದಾಗಿ ಒಂದು ಸಲ ಕಲಾಯಿ ಹಾಕಿಕೊಡಿ, ನಮ್ಮತ್ತೆಗೆ ಇದೆಂದರೆ ಪ್ರಾಣ ಎಂದೆ. ಅವರು ಕೆಮ್ಮು ಬರುವವರೆಗೂ ನಕ್ಕರು.

"ಪ್ರಾಣ ಎಲ್ಲಿ ಬಂತಮ್ಮಾ? ಆಯಮ್ಮಂಗೆ ಇದು ಒಂದು ದಿನಾನೂ ಇಷ್ಟ ಆಗಿರ್ಲಿಲ್ಲ."

ಆಮೇಲೆ ಒಂದೊಂದೇ ಹೊರಬಂತು. ಪ್ರತಿವರ್ಷ ಹೋದಾಗಲೂ ಬೈಯುತ್ತಿದ್ದಿರಂತೆ. ರಾಯಲ್ಪಾಡಿನ ದಾರಿಯ ಧೂಳಿಗೆ ತಿಂಗಳೊಳಗೆ ಬೂದಿ ಬಳಿದ ಹಾಗಾಗುತ್ತೆ, ನನಗೆ ಕಂಪನಿ ಹೊಳಪು ಬೇಕು, ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಳ್ಳುವ ಹಾಗಿರಬೇಕು ಅನ್ನುತ್ತಿದ್ದಿರಂತೆ. ಹಾಗಾದರೆ ಬೆಂಗಳೂರಿನಲ್ಲಿ ಕ್ರೋಮ್ ಹಾಕಿಸಿ, ನನ್ನ ಹತ್ತಿರ ಯಾಕೆ ಬರುತ್ತೀರಿ ಎಂದು ಸಾಬರೇ ಒಮ್ಮೆ ರೇಗಿದರಂತೆ. ಅದಕ್ಕೆ ನೀವು ಹೇಳಿದ ಮಾತನ್ನು ಅವರು ನಿಮ್ಮ ದನಿಯಲ್ಲೇ ಹೇಳಿದರು: "ಬೇಡ ಸಾಬ್ರೇ. ನಮ್ಮುಡುಗಿ ಮನೆಗೆ ಬಂದು ಮೊದಲ್ನೇ ಸಲ ಬಾಯಿಬಿಟ್ಟು ಹೇಳಿದ್ ಮಾತು ಇದು. ಅದನ್ನ ನಾನು ಕಿತ್ತಾಕ್ಲಾ?"

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅತ್ತೆ, ಇಪ್ಪತ್ತಕ್ಕೂ ಹೆಚ್ಚು ವರ್ಷ! ಒಂದು ಸಲ, ತಮಾಷೆಗಾದರೂ, ಇದು ಚೆನ್ನಾಗಿಲ್ಲ ಕಣೇ ಅನ್ನಬಾರದಾಗಿತ್ತಾ? ನಾನು ಅತ್ತುಬಿಟ್ಟೆ, ನಕ್ಕೆ, ಸಾಬರ ಮಗಳು ಕೊಟ್ಟ ಚಹಾ ಕುಡಿದು ಮತ್ತೆ ಅತ್ತುಬಿಟ್ಟೆ. ನಿಮ್ಮ ಮನಸ್ಸು ಬಲ್ಲವಳು ನಾನೊಬ್ಬಳೇ ಎಂದು ಕೊಚ್ಚಿಕೊಂಡಿದ್ದೆನಲ್ಲ.

ಮನೆಗೆ ಬಂದು ನಿಮ್ಮ ಮಗನಿಗೆ ಎಲ್ಲವನ್ನೂ ಹೇಳಿದೆ. ಅವರು ಕಾರ್ಬೊರೇಟರ್ ಒರೆಸುತ್ತಿದ್ದವರು ತಲೆ ಎತ್ತದೆ, "ಗೊತ್ತಿತ್ತು ಕಣೇ. ನಿಂಗೆ ಹೇಳ್ಬಾರ್ದು ಅಂತ ಅಮ್ಮ ಮಾತು ತಗೊಂಡಿದ್ಲು" ಎಂದರು. ಮಾವನಿಗೂ ಗೊತ್ತಿತ್ತಂತೆ. ಹಾಲು ಹಾಕುವ ರತ್ನಮ್ಮನಿಗೂ! ಈ ಮೂರು ವಾರ ನಾನು ಬಾಯಿಗೆ ಬಂದ ಹಾಗೆ ಅಂದರೂ, ಆ ಒಂದು ಮಾತು ಹೇಳಿದ್ದರೆ ಗೆದ್ದುಬಿಡುತ್ತಿದ್ದವರು, ಹೇಳಲಿಲ್ಲ. ನೀವು ಹೋಗಿ ನಾಲ್ಕು ವರ್ಷವಾದ ಮೇಲೂ ಹೇಳಲಿಲ್ಲ. ಎಂಥ ಮಗನನ್ನು ಹೆತ್ತಿರಿ ಅತ್ತೆ! ನನಗೆ ಅವರ ಮೇಲೆ ಹೊಸದಾಗಿ ಪ್ರೀತಿ ಬಂತು. ಅವರಿಗೆ ಹೇಳಿಲ್ಲ, ತಲೆ ಮೇಲೆ ಕೂರುತ್ತಾರೆ.

ಸೋಮವಾರ ನಾನೇ ಮಾಲೂರಿಗೆ ಹೋಗಿ, ಬಳೆಗೆ ಕ್ರೋಮ್ ಎಂದೆ. ಮೊದಲು ನನ್ನ ಕಲಾಯಿ ಹೋಯಿತು, ಆಮೇಲೆ ಹಿತ್ತಾಳೆಯನ್ನು ಉಜ್ಜಿ ನಯಮಾಡಿ, ಅದರ ಮೇಲೆ ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮ್. ತೊಳೆದು ಕೈಗೆ ಕೊಟ್ಟಾಗ ಅದರಲ್ಲಿ ನನ್ನ ಮೂಗುಬೊಟ್ಟಿನ ಹರಳು ಕೂಡ ಕಂಡಿತು. ಇಷ್ಟು ಚೆಂದದ್ದನ್ನು ನಿಮಗೆ ಇಷ್ಟು ವರ್ಷ ತಪ್ಪಿಸಿದೆನಲ್ಲ… ಬಳೆ ಕೂರಿಸಿದ ಮಾರನೆಯ ಬೆಳಿಗ್ಗೆ ನಾನೇ ಸ್ಟೇರಿಂಗ್ ಹಿಡಿದು ರಾಯಲ್ಪಾಡಿನ ಸ್ಕೂಲಿನವರೆಗೂ ಓಡಿಸಿದೆ. ಎದುರಿಗೆ ಬಂದ ಟೊಮೆಟೊ ಟೆಂಪೊದವನು ಬಳೆಯ ಮೇಲಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಾ ದಾರಿ ಬಿಟ್ಟ. ನಾನು ಹಾರನ್ ಹೊಡೆದೆ, ಸುಮ್ಮನೆ, ಖುಷಿಗೆ.

ಇನ್ನೊಂದು ಸುದ್ದಿ ಉಳಿಯಿತು. ನಿಮ್ಮ ಮೊಮ್ಮಗನಿಗೆ ಮದುವೆಯಾಯಿತು. ಹುಡುಗಿ ಟೇಕಲ್ ಕಡೆಯವಳು, ಸಹನಾ ಅಂತ. ಬಂದು ಎರಡು ತಿಂಗಳಾದರೂ 'ಹೂಂ ಅತ್ತೆ', 'ಆಯ್ತು ಅತ್ತೆ' ಬಿಟ್ಟರೆ ಬಾಯಿಂದ ಮಾತು ಹೊರಟಿರಲಿಲ್ಲ. ನಿನ್ನೆ ಸಂಜೆ ಕಾರಿನ ಸುತ್ತ ಎರಡು ಸುತ್ತು ಬಂದು, ಸೆರಗು ಹಿಂಡುತ್ತಾ, "ಅತ್ತೆ, ನಂಬರ್ ಪ್ಲೇಟಿನ ಸ್ಕ್ರೂಗೆಲ್ಲ ಚಿನ್ನದ್ ಬಣ್ಣ ಹಾಕ್ಸಿದ್ರೆ ಚೆನ್ನಾಗಿರಲ್ವಾ?" ಎಂದಳು. ಕ್ರೋಮ್ ಬಂಪರಿನ ಪಕ್ಕದಲ್ಲಿ ಚಿನ್ನದ ಸ್ಕ್ರೂ! ಮಂಜುನಾಥ ಕೇಳಿದರೆ ಸ್ಟೂಲಿನಿಂದ ಬೀಳುತ್ತಾರೆ. ಬಾನೆಟ್ಟಿನ ಹಿಂದಿನಿಂದ ನಿಮ್ಮ ಮಗ ಹೆದರಿಕೊಂಡು ನನ್ನ ಮುಖ ನೋಡಿದರು.

ಎಷ್ಟು ಒಳ್ಳೇ ಮಾತು ಹೇಳಿದೆಯಮ್ಮಾ, ಹಾಕಿಸೋಣ ಎಂದೆ. ನಾಳೆ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಲೂರಿಗೆ ಹೊರಟಿದ್ದೇನೆ. ನಾನಿರುವ ತನಕ ಆ ಸ್ಕ್ರೂಗಳನ್ನು ಯಾರೂ ಮುಟ್ಟುವುದಿಲ್ಲ. ಈ ವಿಷಯ ಎಂದೂ ಬಾಯಿಬಿಡಬಾರದು ಎಂದು ನಿಮ್ಮ ಮಗನಿಂದ ಮಾತು ತೆಗೆದುಕೊಂಡಿದ್ದೇನೆ. ಅವರಿಗೆ ಅಭ್ಯಾಸವಿದೆ.

ನಿಮ್ಮ ಹುಡುಗಿ,
ನಾಗವೇಣಿ