ಕರಗಿ ಹೆಪ್ಪುಗಟ್ಟಿದ ಕಲ್ಲಂಗಡಿ

ಹುಮನಾಬಾದ, ಭಾನುವಾರ

ಮನೆ ಮಾಲಕಿ ರುಕ್ಮಿಣಿಬಾಯಿಯವರಿಗೆ, ಮಹಡಿಯ ಬಾಡಿಗೆಯವಳ ಶರಣು.

“ಪೂನಂ ಫ್ರಿಜ್ ತುಂಬ ಕಲ್ಲಂಗಡಿ ಇಟ್ಕೊಂಡು ನನ್ನ ಮೊಮ್ಮಗಳಿಗಿ ಒಂದ್ ಹೋಳ ಕೊಡಲಿಲ್ಲ ನೋಡ್ರಿ” ಎಂದು ಓಣಿಯಲ್ಲೆಲ್ಲ ಹೇಳಿದ್ದೀರಂತೆ. ಹೌದು, ಕೊಡಲಿಲ್ಲ.

ನಾನು ಬಸವಕಲ್ಯಾಣದ ತವರಿಗೆ ಹೋದಾಗ “ಸುಮ್ನ ಕರೆಂಟ್ ಯಾಕ ಸುಡಬೇಕು” ಎಂದು ಮಹಡಿಯ ಮೇನ್ ಸ್ವಿಚ್ ಆರಿಸಿದವರು ನೀವು. ನಾನು ಬರುವ ಹಿಂದಿನ ದಿನ ಮತ್ತೆ ಹಾಕಿದಿರಿ. ಫ್ರೀಜರಿನಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದ ಹೋಳುಗಳು ಕರಗಿ, ಮತ್ತೆ ಹೆಪ್ಪುಗಟ್ಟಿ ಒಂದೇ ಮುದ್ದೆಯಾಗಿದ್ದವು. ಆ ಕೆಟ್ಟ ಹಣ್ಣನ್ನು ಮೂರು ವರ್ಷದ ಮಗುವಿನ ಬಾಯಿಗೆ ಇಡಬೇಕಿತ್ತೇ? ಎಲ್ಲವನ್ನೂ ತಿಪ್ಪೆಗೆ ಚೆಲ್ಲಿದೆ.

ನಾಳೆ ಹೊಸ ಹಣ್ಣು ತೊಳೆದು ಕೊಯ್ಯುತ್ತೇನೆ. ಮೊದಲ ಹೋಳು ಅವಳಿಗೇ. ಸ್ವಿಚ್ಚಿನ ಮಾತನ್ನು ಓಣಿಯಲ್ಲಿ ನಾನಿನ್ನೂ ಎತ್ತಿಲ್ಲ. ಅದನ್ನೂ ನೀವೇ ಹೇಳಿಬಿಡಿ.

ಇತಿ,
ಪೂನಂ