ಆ ಮಾತಿನ ಮೂಲ

ಮಾರ್ಚ್ ೯, ಭಾನುವಾರ ಸಂಜೆ

ಪುಟ್ಟೀ, ನಿನಗೆ ಅಪ್ಪನ ಪ್ರೀತಿಯ ಆಶೀರ್ವಾದ.

ಪತ್ರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ, ಅದಕ್ಕೆ ನಿನ್ನಮ್ಮ ಒಬ್ಬಳೇ ಸಾಕು! ಏನು ಬರೆಯಬೇಕೆಂದೇ ತಿಳಿಯಲಿಲ್ಲ. ಆಸ್ಪತ್ರೆಯವರು ಹೇಳಿದ್ದರಲ್ಲಿ ಅರ್ಧ ಅರ್ಥವಾಯಿತು, ಇನ್ನರ್ಧ ತಲೆಗೆ ಹೋಗಲಿಲ್ಲ.

ಅಮ್ಮನ ಮೈಯಲ್ಲಿ ಕಾರ್ಟಿಸೋಲ್ ಅನ್ನುವ ಹಾರ್ಮೋನ್ ಮಿತಿಮೀರಿ ತಯಾರಾಗುತ್ತಿದೆಯಂತೆ. ಮುಖ ದುಂಡಗಾಗಿದ್ದು, ಮುಟ್ಟಿದರೆ ಚರ್ಮ ಕಪ್ಪುಗಟ್ಟುವುದು, ನಿದ್ದೆ ಹಾರಿಹೋಗಿದ್ದು, ಎಲ್ಲ ಅದರದೇ ಕಾರುಬಾರು. ಬರುತ್ತಿರುವುದು ಎಲ್ಲಿಂದ ಅನ್ನುವುದೇ ಪ್ರಶ್ನೆ. ಸ್ಕ್ಯಾನಿನಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಒಂದು ಗಂಟು ಕಂಡಿತು. "ಸಿಕ್ತಲ್ಲ, ತೆಗೆದುಹಾಕಿ ಮೇಡಂ" ಅಂದೆ. ಡಾಕ್ಟರಮ್ಮ ನಕ್ಕರು. "ಗಂಟು ಕಂಡ ತಕ್ಷಣ ಅದೇ ಕಳ್ಳ ಅನ್ನೋಕಾಗಲ್ಲ ಯಜಮಾನ್ರೇ. ಕಾರ್ಟಿಸೋಲ್ ಮಾಡು ಅನ್ನೋ ಅಪ್ಪಣೆ ತಲೆಯಿಂದ ಬರ್ತಿರಬಹುದು." ನನಗೆ ರೇಗಿತು. ಆದರೆ ನಾನೂ ಪ್ಲಂಬರ್ ಅಲ್ಲವೇ? ಒದ್ದೆಯಾಗುವುದು ಅಡುಗೆಮನೆ ಗೋಡೆ, ಪೈಪ್ ಒಡೆದಿರುವುದು ಮಹಡಿಯ ಬಚ್ಚಲಲ್ಲಿ. "ಹಾಗಾದ್ರೆ ಹುಡುಕಿ ಮೇಡಂ" ಅಂದೆ.

ಮೊನ್ನೆ ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ತಲೆಯ ಎರಡೂ ಪಕ್ಕದ ರಕ್ತ ತೆಗೆದು, ಕೈಯ ರಕ್ತದ ಜೊತೆ ಹೋಲಿಸಿ, ಆ ಅಪ್ಪಣೆಯ ಹಾರ್ಮೋನ್ ಎಲ್ಲಿ ಹೆಚ್ಚಿದೆ ಎಂದು ನೋಡಿದರು. ಕಳ್ಳ ಸಿಕ್ಕಿದ! ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ, ಸಾಸಿವೆ ಕಾಳಿನಷ್ಟು ಗೆಡ್ಡೆ. ಹೊಟ್ಟೆಯೊಳಗಿನ ಗಂಟು ಪಾಪ, ತನ್ನ ಪಾಡಿಗೆ ತಾನು ಕೂತಿತ್ತಂತೆ. ಗುರುವಾರ ಆಪರೇಷನ್, ಮೂಗಿನ ಮೂಲಕವೇ ತೆಗೆಯುತ್ತಾರೆ.

ನಿನಗೆ ಗೊತ್ತಲ್ಲ, ಹತ್ತು ಮಾತಿಗೆ ಒಂದು ಹೂಂ ಅನ್ನುವ ಹೆಂಗಸು ನಿನ್ನಮ್ಮ. ಈಗ ಬಾಯಿಗೆ ಬಿಡುವೇ ಇಲ್ಲ. ವಾರ್ಡಿನಲ್ಲಿ ಹಾಡು, ನರ್ಸಮ್ಮನಿಗೆ ಗೇಲಿ, ನನ್ನ ಬೋಳುತಲೆಗೆ ದಿನಕ್ಕೊಂದು ಹೆಸರು. ಮರುಗಳಿಗೆಯೇ ಅಳು. "ಈ ನಗು, ಅಳು ಎಲ್ಲ ಹಾರ್ಮೋನಿಂದಾನೇ. ಆಪರೇಷನ್ ಆದ್ಮೇಲೆ ನಿಧಾನಕ್ಕೆ ಮೊದಲಿನ ಥರ ಆಗ್ತಾರೆ ಬಿಡಿ" ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ತಲೆಯಾಡಿಸಿದೆ. ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ.

ಬುಧವಾರವೇ ಬಂದುಬಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ಕಾಲ ತಣ್ಣಗಿರು ಮಗಳೇ.

ನಿನ್ನ ಅಪ್ಪ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ. ನಿನ್ನೆ ಅವಳಿಗೆ ತಲೆ ಬಾಚುತ್ತಿದ್ದೆ. ತಟ್ಟನೆ ಕೈ ಹಿಡಿದುಕೊಂಡು, "ರೀ, ನಿಮ್ಮನ್ನ ಕಟ್ಕೊಂಡಿದ್ದು ಒಳ್ಳೇದೇ ಆಯ್ತು ಕಣ್ರೀ" ಅಂದಳು. ಇಷ್ಟು ವರ್ಷದ ಸಂಸಾರದಲ್ಲಿ ಇದೇ ಮೊದಲು. ಆ ಮಾತು ಅವಳದೋ, ಆ ಸಾಸಿವೆ ಕಾಳಿನದೋ? ಡಾಕ್ಟರಮ್ಮನನ್ನು ಕೇಳಲು ನಾಚಿಕೆಯಾಯಿತು. ನೀನು ಬಂದಾಗ ಒಮ್ಮೆ ಅವರನ್ನು ಕೇಳಿನೋಡು. ಬೇಡ ಬಿಡು, ಕೇಳಬೇಡ.