ಕಣ್ಣಿಗೆ ಕಾಣದ ಗುಳ್ಳೆ

ಅಕ್ಟೋಬರ್ ೧೭, ಗುರುವಾರ

ಬೆಳಿಗ್ಗೆ ಒಪ್ಪಿಕೊಂಡುಬಿಟ್ಟೆ. ದೇವರು ದೊಡ್ಡವನು.

ಲೆಕ್ಸಿಂಗ್ಟನ್ ನಗರದಿಂದ ಬಂದ ಇಂಜಿನಿಯರ್ ಟ್ಯಾಕೆಟ್ ಮೇಡಂ, ನಮ್ಮ ಕಲ್ಲಿದ್ದಲು ತೊಳೆಯುವ ಕಾರ್ಖಾನೆಯಲ್ಲಿ ಕೂರಿಸಿದ ತಮ್ಮ ಹೊಸ ಯಂತ್ರ ಬಿಚ್ಚಿಸಲು ಹೊರಟಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಬಿಟ್ಟು, ನೀರಿನಲ್ಲಿರುವ ಕಲ್ಲಿದ್ದಲ ಪುಡಿಯನ್ನು ನೊರೆಯಲ್ಲಿ ತೇಲಿಸುವ ಯಂತ್ರ. ಮೂರು ದಿನದಿಂದ ನೊರೆಯ ಜೊತೆ ಜೇಡಿಮಣ್ಣೂ ಏರಿ ಬರುತ್ತಿತ್ತು.

"ತಪ್ಪು ಯಂತ್ರದ್ದಲ್ಲ ಮೇಡಂ, ನಂದು," ಅಂದೆ. "ನೊರೆ ತೆಳ್ಳಗೆ ಕಾಣಿಸ್ತು. ಹಳೇ ಯಂತ್ರದ ಇಪ್ಪತ್ತೇಳು ವರ್ಷದ ಅಭ್ಯಾಸ ನೋಡಿ, ಯಾರಿಗೂ ಹೇಳ್ದೆ ನೊರೆ ಎಬ್ಬಿಸೋ ಎಣ್ಣೆ ಜಾಸ್ತಿ ಬಿಡ್ತಾ ಇದ್ದೆ."

ಬೈಯುತ್ತಾರೆ ಅಂದುಕೊಂಡಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕುಬಿಟ್ಟರು. "ಅಯ್ಯೋ ಅರ್ವಿಲ್, ಮೂರು ರಾತ್ರಿ ನನ್ನ ನಿದ್ದೆ ಕೆಡಿಸಿದ್ರಲ್ರೀ! ಇವತ್ತೊಂದಿನ ಕೈ ಜೇಬಲ್ಲಿಟ್ಕೊಂಡು ನಿಂತ್ಕೊಳ್ಳಿ, ಸಾಕು."

ನಿಂತೆ. ಎರಡು ಗಂಟೆಯ ಹೊತ್ತಿಗೆ ನೊರೆ ಕಪ್ಪಗೆ ಹೊಳೆಯತೊಡಗಿತು. ಕಾರ್ಖಾನೆಯ ಹೊಲಸು ನಿಲ್ಲಿಸಲು ಗುಡ್ಡದಲ್ಲಿ ಕಟ್ಟಿದ ಕೆರೆಗೆ ಹೋಗುವ ಕೊಳೆನೀರು ಬೂದಿಬಣ್ಣಕ್ಕೆ ತಿರುಗಿತು. ಅದರಲ್ಲಿ ಕಲ್ಲಿದ್ದಲೇ ಉಳಿದಿರಲಿಲ್ಲ. ಇನ್ನು ಆ ಕೆರೆ ಅಷ್ಟು ಬೇಗ ತುಂಬುವುದಿಲ್ಲ. ಅದರ ಏರಿಯ ಕೆಳಗೇ ತಂಗಿ ಓವಾಳ ಮನೆ. ಏರಿ ಒಡೆದರೆ ಓಡಬೇಕಲ್ಲ, ಮಳೆ ಬಂದ ರಾತ್ರಿ ಅವಳು ಶೂ ಹಾಕಿಕೊಂಡೇ ಮಲಗುತ್ತಾಳೆ.

ಇದನ್ನು ಮೇಡಂಗೆ ಹೇಳಬೇಕಿತ್ತು. ಹೊರಡುವಾಗ ಅವರು ಕುಲುಕಲು ಕೈ ಚಾಚಿದರು. ನನ್ನದು ಇನ್ನೂ ಜೇಬಿನಲ್ಲೇ ಇತ್ತು.